ಹೊಸ ಹೋಲ್‌ಸ್ಟರ್ ಬಿಗಿಯಾಗಿದೆ, ಎಣ್ಣೆ ಹಚ್ಚಲೇ?

ಪ್ರಶ್ನೆ: ಮಾನ್ಯರೇ, ನಮ್ಮದು ಹೊಸನಗರ ತಾಲ್ಲೂಕಿನ ಒಂಟಿ ಮನೆ. ಪರವಾನಗಿ ಪಡೆದು ಕಾನ್ಪುರದ ಕಾರ್ಖಾನೆಯ .32 ರಿವಾಲ್ವರ್ ಕೊಂಡಿದ್ದೇನೆ. ಅದರ ಅಳತೆಗೇ ಹೊಲಿಸಿದ ಚರ್ಮದ ಹೋಲ್‌ಸ್ಟರ್ ವಿಪರೀತ ಬಿಗಿ. ರಿವಾಲ್ವರ್ ಪೂರ್ತಿ ಇಳಿಯುವುದಿಲ್ಲ, ಒತ್ತಿ ಇಳಿಸಿದರೆ ಒಂದು ಕೈಯಲ್ಲಿ ಹೊರಬರುವುದಿಲ್ಲ. ಕೊಬ್ಬರಿ ಎಣ್ಣೆ ಸವರಿ ಬಚ್ಚಲು ಒಲೆಯ ಮೇಲೆ ತೂಗುಹಾಕು ಎನ್ನುತ್ತಾರೆ ಭಾವ. ಮಾವನವರ ಹಳೆಯ ಹೋಲ್‌ಸ್ಟರಿನಲ್ಲಿ ಸಲೀಸಾಗಿ ಕೂರುತ್ತದೆ. ಅದನ್ನೇ ಬಳಸಬಹುದೇ?
– ಓದುಗರೊಬ್ಬರು, ಹೊಸನಗರ

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅದು ಜೀವದ ವಿಷಯ. ಮಾವನವರ ಹೋಲ್‌ಸ್ಟರನ್ನು ಗೌರವದಿಂದ ತೆಗೆದಿಡಿ, ಸೊಂಟಕ್ಕೆ ಕಟ್ಟಬೇಡಿ. ಪೊಲೀಸ್ ಶಸ್ತ್ರಾಗಾರದಲ್ಲಿ ಆಯುಧಗಳನ್ನು ನೋಡಿಕೊಳ್ಳುವ ಆರ್ಮರರ್ ಆಗಿದ್ದಾಗ ನಾನು ಪ್ರತಿ ಹೋಲ್‌ಸ್ಟರಿನ ಬಾಯಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡುತ್ತಿದ್ದೆ. ಹಳೆಯದಾಗಿ ಬಾಯಿ ಜೋತುಬಿದ್ದ ಚರ್ಮ ರಿವಾಲ್ವರ್ ಇಳಿಸುವಾಗ ಒಳಕ್ಕೆ ಮಡಚಿಕೊಳ್ಳುತ್ತದೆ. ಆ ಮಡಿಕೆ ಟ್ರಿಗರಿನ ಸುತ್ತಲಿನ ಬಳೆಯೊಳಗೆ ಸಿಕ್ಕಿಕೊಂಡರೆ, ನೀವು ಮೇಲಿನಿಂದ ಒತ್ತುವ ಬಲವೇ ಟ್ರಿಗರನ್ನು ಎಳೆಯುತ್ತದೆ. ನಳಿಗೆ ಆಗ ನಿಮ್ಮ ತೊಡೆಯ ಕಡೆಗಿರುತ್ತದೆ. ಸಲೀಸಾಗಿ ಕೂರುವುದು ಒಳ್ಳೆಯ ಲಕ್ಷಣವಲ್ಲ. ಹೊಸ ಚರ್ಮ ಬಿಗಿಯಾಗಿಯೇ ಇರಬೇಕು.

ಅದನ್ನು ಹೊಂದಿಸುವ ಕೆಲಸಕ್ಕೆ ಮೊದಲು ರಿವಾಲ್ವರ್ ತೆರೆದು ತೋಟಾ ಕೂರುವ ಆರೂ ಮನೆಗಳು ಖಾಲಿಯಿವೆಯೇ ಎಂದು ಕಣ್ಣಿನಿಂದಲೂ ಬೆರಳಿನಿಂದಲೂ ಪರೀಕ್ಷಿಸಿ. ತೋಟಾಗಳನ್ನು ಬೇರೆ ಕೋಣೆಯಲ್ಲಿಟ್ಟು ಬೀಗ ಹಾಕಿ. ಮಕ್ಕಳಿರುವ ಜಗುಲಿಯಲ್ಲಿ ಈ ಕೆಲಸ ಬೇಡ.

ಖಾಲಿ ರಿವಾಲ್ವರಿಗೆ ತೆಳು ಪ್ಲಾಸ್ಟಿಕ್ ಹಾಳೆಯನ್ನು ಎರಡು ಸುತ್ತು ಸುತ್ತಿ, ಹೋಲ್‌ಸ್ಟರಿನೊಳಗೆ ನಿಧಾನವಾಗಿ ಪೂರ್ತಿ ಇಳಿಸಿ. ಸಾಮಾನ್ಯವಾಗಿ ಆ ಆರು ಮನೆಗಳಿರುವ ಸಿಲಿಂಡರಿನ ಉಬ್ಬಿನಲ್ಲೇ ತಡೆಯುವುದು. ಅಲ್ಲಿ ಎಡಕ್ಕೂ ಬಲಕ್ಕೂ ತುಸು ಅಲುಗಿಸುತ್ತ ಒತ್ತಿ. ರಾತ್ರಿಯಿಡೀ ಬೀರುವಿನಲ್ಲಿ ಬೀಗ ಹಾಕಿಟ್ಟು ಬೆಳಿಗ್ಗೆ ತೆಗೆಯಿರಿ. ಹಾಳೆ ತೆಗೆದು ನೋಡಿದರೆ ಆ ಒಂದೆರಡು ಸುತ್ತಿನಷ್ಟು ಜಾಗ ಸಿಕ್ಕಿರುತ್ತದೆ. ಸಾಲದಿದ್ದರೆ ಮರುದಿನವೂ ಹಾಗೆಯೇ ಇಡಿ. ಬಹುತೇಕ ಹೋಲ್‌ಸ್ಟರುಗಳು ಇಷ್ಟಕ್ಕೇ ಒಗ್ಗುತ್ತವೆ. ಮೇಲಿನ ಗುಂಡಿಪಟ್ಟಿ ಗಿಡ್ಡವೆನಿಸಿದರೆ ಹೊಸ ತೂತು ಕೊರೆಯಬೇಡಿ, ಆ ಪಟ್ಟಿಯನ್ನಷ್ಟೇ ಒದ್ದೆ ಬಟ್ಟೆಯಿಂದ ಒರೆಸಿ ಎಳೆದು ಗುಂಡಿ ಹಾಕಿಡಿ.

ಸರಿಯಾಯಿತೇ ಎಂದು ತಿಳಿಯಲು, ಹಾಸಿಗೆಯ ಮೇಲೆ ಖಾಲಿ ರಿವಾಲ್ವರ್ ಸಮೇತ ಹೋಲ್‌ಸ್ಟರನ್ನು ತಲೆಕೆಳಗಾಗಿ ಹಿಡಿಯಿರಿ. ಗುಂಡಿ ಬಿಚ್ಚಿದ್ದರೂ ತಾನಾಗಿ ಜಾರಬಾರದು, ಕೈಯಿಂದ ಎಳೆದರೆ ತಡವರಿಸದೆ ಬರಬೇಕು. ಟ್ರಿಗರ್ ಪೂರ್ತಿ ಚರ್ಮದೊಳಗೆ ಮುಚ್ಚಿರಬೇಕು. ರಿವಾಲ್ವರ್ ತೆಗೆದ ಮೇಲೂ ಬಾಯಿ ತೆರೆದೇ ಇರಬೇಕು.

ಇನ್ನು ಭಾವನವರ ಸಲಹೆ. ಎಣ್ಣೆ ಚರ್ಮದ ಎಳೆಗಳನ್ನು ಮೆತ್ತಗೆ ಮಾಡುತ್ತದೆ, ಹಿಡಿತ ಹೋಗುತ್ತದೆ. ಹಾಗೆ ಹೋದ ಹಿಡಿತ ಮರಳುವುದಿಲ್ಲ. ಕೊಬ್ಬರಿ ಎಣ್ಣೆಯಂತೂ ನಮ್ಮ ಚಳಿಗಾಲದಲ್ಲಿ ಹೆಪ್ಪುಗಟ್ಟುತ್ತದೆ, ಆಮೇಲೆ ಕಮಟು ಹಿಡಿಯುತ್ತದೆ. ಒಲೆಯ ಮೇಲೆ ತೂಗುಹಾಕುವುದು ಇನ್ನೂ ಕೆಟ್ಟದ್ದು. ತೊಗಟೆಯಲ್ಲಿ ಹದ ಮಾಡಿದ ಚರ್ಮ ಒದ್ದೆಯಿದ್ದಾಗ ಸುಮಾರು 70ರಿಂದ 85 ಡಿಗ್ರಿ ಬಿಸಿಗೇ ಮುದುಡಿ ಗಟ್ಟಿಯಾಗುತ್ತದೆ. ಹೊರಮೈಗೆ ಏನಾದರೂ ಹಚ್ಚಲೇಬೇಕೆಂದಿದ್ದರೆ ತೆಳುವಾಗಿ ಜೇನುಮೇಣ ಉಜ್ಜಿ, ಸಾಕು.

ನೀವು ಕೇಳದಿದ್ದರೂ ಒಂದು ಮಾತು ಹೇಳಲೇಬೇಕು, ಮಲೆನಾಡಿನಲ್ಲಿ ಎಷ್ಟೋ ಒಳ್ಳೆಯ ಕೋವಿ, ಪಿಸ್ತೂಲುಗಳು ಹಾಳಾಗುವುದು ಇದರಿಂದಲೇ. ರಿವಾಲ್ವರನ್ನು ಹೋಲ್‌ಸ್ಟರಿನಲ್ಲೇ ಬಿಟ್ಟು ಮಲಗಬೇಡಿ. ಹೊಂದಿಸುವ ಆ ರಾತ್ರಿಗಳಲ್ಲಿ ನಡುವೆ ಪ್ಲಾಸ್ಟಿಕ್ ಇರುತ್ತದೆ, ಅದು ಬೇರೆ ಮಾತು. ಹಸಿ ಅಡಿಕೆ ಸುಲಿದ ಮೆಟ್ಟುಗತ್ತಿಯ ಅಲಗು ಕಪ್ಪಾಗುವುದನ್ನು ಚಿಕ್ಕಂದಿನಿಂದ ನೋಡಿದ್ದೀರಿ. ಅಡಿಕೆಯ ಚೊಗರಿನಲ್ಲಿರುವ ಒಗರಿನಂಥದೇ ಅಳಲೆಕಾಯಿಯಲ್ಲೂ ತಂಗಡಿ ತೊಗಟೆಯಲ್ಲೂ ಇದೆ, ಚರ್ಮ ಹದವಾಗುವುದು ಅದರಿಂದಲೇ. ತೇವ ಸೇರಿದರೆ ಅದು ಉಕ್ಕನ್ನು ತಿನ್ನುತ್ತದೆ, ತೋಟಾದ ಹಿತ್ತಾಳೆಗೆ ಹಸಿರು ಕಿಲುಬು ಕಟ್ಟಿಸುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಡೆ ತೇವವಿಲ್ಲದ ಚರ್ಮವೇ ಇರುವುದಿಲ್ಲ. ಹೊರಗೆ ಹೋಗಿ ಬಂದೊಡನೆ ರಿವಾಲ್ವರ್ ಹೊರತೆಗೆದು ಒರೆಸಿ, ತೆಳುವಾಗಿ ಗನ್ ಆಯಿಲ್ ಸವರಿ ಬೀಗದಲ್ಲಿಡಿ. ಹೋಲ್‌ಸ್ಟರ್ ನೆರಳಲ್ಲಿ ಗಾಳಿಯಾಡಲಿ. ಬೂಷ್ಟು ಹಿಡಿದರೆ ವಿನೆಗರಿಗೆ ಅಷ್ಟೇ ನೀರು ಬೆರೆಸಿ, ಬಟ್ಟೆಯಲ್ಲಿ ಅದ್ದಿ ಹಿಂಡಿ ಒರೆಸಿ ಒಣಗಿಸಿ.

ಚುನಾವಣೆ ಘೋಷಣೆಯಾಗಿ ಠಾಣೆಯಲ್ಲಿ ಆಯುಧ ಒಪ್ಪಿಸಬೇಕಾಗಿ ಬಂದಾಗಲೂ ಹೋಲ್‌ಸ್ಟರ್ ಸಮೇತ ಕೊಡಬೇಡಿ. ವಾರಗಟ್ಟಲೆ ಅಲ್ಲೇ ಇರುತ್ತದೆ. ಎಣ್ಣೆ ಸವರಿ, ಎಣ್ಣೆ ಬಟ್ಟೆಯಲ್ಲಿ ಸುತ್ತಿ ಕೊಟ್ಟು ರಸೀದಿ ಪಡೆಯಿರಿ. ಹೋಲ್‌ಸ್ಟರ್ ಮನೆಯಲ್ಲೇ ಇರಲಿ, ಬಾಯಿ ಮುಚ್ಚಿಕೊಳ್ಳದಂತೆ ಒಳಗೆ ಒಣ ಬಟ್ಟೆ ತುಂಬಿಡಿ.