ಪ್ರತಿಕ್ರಿಯೆ: ಆ ಹೂವಿನ ಗಿಡವನ್ನು ಬೇರೆ ಕಡೆ ನೆಟ್ಟರೆ ಆಗಲ್ವಾ?

ನಮಸ್ಕಾರ. ಅಮೆರಿಕದ ನೆವಾಡ ಮರುಭೂಮಿಯ ಟೀಮ್ಸ್ ಬಕ್‌ವೀಟ್ ಗಿಡವನ್ನು ಕಿತ್ತು ಬೇರೆ ಕಡೆ ನೆಟ್ಟು, ಅಲ್ಲಿ ಗಾಡಿಯ ಬ್ಯಾಟರಿಗೆ ಬೇಕಾದ ಲಿಥಿಯಂನ ಗಣಿ ಮಾಡಬಹುದಲ್ವಾ ಎಂದು ಕೇಳಿದ್ದೀರಿ. ಅಷ್ಟು ಸುಲಭ ಇಲ್ಲ ಅನ್ನೋದು ನನ್ನ ಉತ್ತರ.

ಇದು ನೆಲಕ್ಕಂಟಿ ಬೆಳೆಯುವ ಗಿಡ. ತೆಳು ದಂಟಿನ ತುದಿಯಲ್ಲಿ ಕೆನೆಹಳದಿ ಹೂಗೊಂಚಲು. 1983ರಲ್ಲಿ ಗುರುತಿಸಿದ್ದು. ಇಡೀ ಜಗತ್ತಿನಲ್ಲಿ ರಯೋಲೈಟ್ ರಿಡ್ಜ್ ಎಂಬ ಒಂದೇ ಕಡೆ, ಸುಮಾರು 10 ಎಕರೆಯಲ್ಲಿ ಇದೆ. ನಮ್ಮೂರ ಒಂದು ಅಡಿಕೆ ತೋಟದಷ್ಟು ಜಾಗ! ಅಲ್ಲಿನ ಮಣ್ಣಿನಲ್ಲಿ ಲಿಥಿಯಂ, ಬೋರಾನ್ ಜಾಸ್ತಿ. ಗಿಡ ಒಗ್ಗಿಕೊಂಡಿರೋದು ಆ ಮಣ್ಣಿಗೇ, ಗಣಿಗೆ ಬೇಕಾದದ್ದೂ ಅದೇ. ಜೊತೆಗೆ ಪರಾಗಸ್ಪರ್ಶ ಮಾಡುವ ಜೇನು, ಕಣಜ, ದುಂಬಿಗಳಿಗೆ ಸುತ್ತಲಿನ ನೆಲವೂ ಬೇಕು. ಅದಕ್ಕೇ 2022ರ ಡಿಸೆಂಬರಿನಲ್ಲಿ ಅಮೆರಿಕ ಸರ್ಕಾರ ಗಿಡವನ್ನು ಅಳಿವಿನಂಚಿನ ಪಟ್ಟಿಗೆ ಸೇರಿಸಿದಾಗ 910 ಎಕರೆಯನ್ನು ಅದರ ಮುಖ್ಯ ನೆಲೆ ಎಂದು ಗುರುತಿಸಿತು. 2020ರಲ್ಲಿ ಇಲಿ, ಅಳಿಲಿನಂಥ ಪ್ರಾಣಿಗಳು ಸಾವಿರಾರು ಗಿಡಗಳನ್ನು ಹಾಳು ಮಾಡಿದ್ದವು. ಇಷ್ಟು ಚಿಕ್ಕ ಜಾಗದಲ್ಲಿ ಅಂಥ ಒಂದೇ ಪೆಟ್ಟು ಎಷ್ಟು ದೊಡ್ಡದು ನೋಡಿ. ಆದರೂ 2024ರ ಅಕ್ಟೋಬರಿನಲ್ಲಿ ಗಣಿಗೆ ಒಪ್ಪಿಗೆ ಸಿಕ್ಕಿತು. ನನಗೆ ತುಂಬಾ ಬೇಸರವಾಯಿತು.

ನೀವು ಸಾಗರದವರು ಅಂದಿರಿ. ಜೋಗದ ಆಚೆ, ಸಿದ್ದಾಪುರ ತಾಲೂಕಿನ ಕತ್ತಲೆಕಾನು ಕಾಡಿಗೆ ಒಮ್ಮೆ ಹೋಗಿ ಬನ್ನಿ. ಅಲ್ಲಿನ ರಾಂಪತ್ರೆ ಜಡ್ಡಿಯ (ಕಾಡು ಜಾಯಿಕಾಯಿ ಜಾತಿಯ ಮರಗಳಿರುವ ಜೌಗು ನೆಲ) ಮರಗಳು ಉಸಿರಾಡಲು ಕೆಸರಿನಿಂದ ಬೇರು ಮೇಲೆತ್ತಿ ನಿಂತಿವೆ. ಹಳ್ಳದ ನೀರು ತಿರುಗಿಸಿದರೆ ಅವು ಉಳಿಯೋದು ಕಷ್ಟ. ಸಸಿ ಮಾಡಿ ನೆಡಬಹುದು, ನಿಜ. ಆ ಜಡ್ಡಿಯನ್ನು ಎಲ್ಲಿ ನೆಡೋದು?

ಬ್ಯಾಟರಿ ಗಾಡಿ ಬೇಡ ಅಂತ ನಾನು ಹೇಳುತ್ತಿಲ್ಲ. ಲಿಥಿಯಂ ಬೇರೆ ಕಡೆಯೂ ಸಿಗುತ್ತದೆ, ಹಳೇ ಬ್ಯಾಟರಿಯಿಂದಲೂ ತೆಗೆಯಬಹುದು. ಈ ಗಿಡಕ್ಕೆ ಇರೋದು ಅದೊಂದೇ ಗುಡ್ಡ.