ಹ್ಯಾಮ್‌ಸ್ಟರ್‌ಗೆ ಎಷ್ಟು ದೊಡ್ಡ ಪಂಜರ ಬೇಕು?

ನೀವು ಬಳ್ಳಾರಿಯಿಂದ ಕೇಳಿದ್ದೀರಿ. ಮಗಳ ಹುಟ್ಟುಹಬ್ಬಕ್ಕೆ ಸಿರಿಯನ್ ಹ್ಯಾಮ್‌ಸ್ಟರ್, ಅಂದರೆ ಇಲಿಯಂಥ ಪುಟ್ಟ ಸಾಕುಪ್ರಾಣಿ, ತಂದಿದ್ದೀರಿ. ಅಂಗಡಿಯವರು ಜೊತೆಗೇ ಒಂದೂವರೆ ಅಡಿ ಉದ್ದ, ಒಂದಡಿ ಅಗಲದ ಎರಡಂತಸ್ತಿನ ಪಂಜರ ಕೊಟ್ಟಿದ್ದಾರೆ. ಈಗ ಅದು ರಾತ್ರಿಯಿಡೀ ಕಂಬಿ ಕಡಿಯುತ್ತದೆ. ಮೂರಂತಸ್ತಿನ ಪಂಜರ ತಂದರೆ ಸರಿಹೋಗುತ್ತದಾ ಅನ್ನುವುದು ನಿಮ್ಮ ಪ್ರಶ್ನೆ.

ಮೂರಂತಸ್ತು ಬೇಡ. ಅದಕ್ಕೆ ಬೇಕಿರುವುದು ಎತ್ತರ ಅಲ್ಲ, ನೆಲ. ಆ ನೆಲದ ಮೇಲೆ ಅಗೆಯುವಷ್ಟು ಆಳವಾದ ಹಾಸು, ಅಂದರೆ ಕಾಗದದ ಅಥವಾ ಮರದ ಚೂರಿನ ಪದರ. ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲಕ್ಕಿಂತ ಕಮ್ಮಿ ಜಾಗ ಕೊಡಬೇಡಿ. ಯಾಕೆ ಅಂತ ಹೇಳುತ್ತೇನೆ.

ನಾನಿರುವುದು ಮೈಸೂರಿನಲ್ಲಿ. ಐದು ವರ್ಷದಲ್ಲಿ ಎರಡು ಹ್ಯಾಮ್‌ಸ್ಟರ್ ಸಾಕಿದ್ದೇನೆ, ಒಂದಾದ ಮೇಲೆ ಒಂದು. ಮೊದಲನೆಯವಳ ಹೆಸರು ಕಡ್ಲೆ. ನಿಮ್ಮ ಹತ್ತಿರ ಇರುವಂಥದ್ದೇ ಪಂಜರದಲ್ಲಿ ಅವಳು ನಾಲ್ಕು ತಿಂಗಳು ಇದ್ದಳು. ರಾತ್ರಿ ಹತ್ತರ ಮೇಲೆ ಶುರು ಮಾಡುತ್ತಿದ್ದಳು. ಮುಂಗಾಲೆರಡನ್ನೂ ಕಂಬಿಯ ಮೇಲಿಟ್ಟು, ತಲೆ ಓರೆ ಮಾಡಿ ಕಡಿಯುವುದು. ಸ್ವಲ್ಪ ನಿಲ್ಲಿಸಿ ಮತ್ತೆ ಕಡಿಯುವುದು. ದಿನಾ ಅದೇ ಜಾಗ, ಅದೇ ಕಂಬಿ. ಅಲ್ಲಿ ಗುಲಾಬಿ ಬಣ್ಣ ಎದ್ದುಹೋಗಿ ಒಳಗಿನ ಕಬ್ಬಿಣ ಕಾಣುತ್ತಿತ್ತು. ಅವಳ ಮೂಗಿನ ಮೇಲೆ ಹೆಸರುಕಾಳಿನಷ್ಟು ಜಾಗದಲ್ಲಿ ಕೂದಲು ಉದುರಿತ್ತು. ಅಂಗಡಿಯಲ್ಲಿ ಕೇಳಿದರೆ, ‘ಹಲ್ಲು ಬೆಳೆಯುತ್ತಲ್ವಾ, ಉಜ್ಜಿಕೊಳ್ಳುತ್ತೆ’ ಅಂದರು. ಹ್ಯಾಮ್‌ಸ್ಟರ್‌ನ ಮುಂದಿನ ಹಲ್ಲು ಜೀವನಪೂರ್ತಿ ಬೆಳೆಯುತ್ತದೆ, ಅದು ನಿಜ. ಆದರೆ ಅದಕ್ಕೆ ಒಂದು ಮರದ ತುಂಡು ಸಾಕು. ಪಶುವೈದ್ಯರು ಅವಳ ಮೂಗು ನೋಡಿದ ಕೂಡಲೇ ಕೇಳಿದ್ದು ಒಂದೇ ಮಾತು: ‘ಪಂಜರ ಎಷ್ಟು ದೊಡ್ಡದಿದೆ?’

ಈ ಪ್ರಾಣಿ ಎಲ್ಲಿಂದ ಬಂತು ಅಂತ ಗೊತ್ತಾದರೆ ಪಂಜರ ಆರಿಸುವುದು ತುಂಬಾ ಸುಲಭ. ನಮ್ಮಲ್ಲಿ ಸಿಗುವ ಸಿರಿಯನ್, ಅಂದರೆ ಹೊಂಬಣ್ಣದ ಹ್ಯಾಮ್‌ಸ್ಟರ್‌ನ ಊರು ಸಿರಿಯಾ ದೇಶದ ಅಲೆಪ್ಪೊ ಸುತ್ತಮುತ್ತಲಿನ ಬಯಲು, ಅದಕ್ಕೆ ತಾಗಿದ ಟರ್ಕಿಯ ಗಡಿ. 1930ರಲ್ಲಿ ಇಸ್ರೇಲ್ ಅಹರೋನಿ ಎಂಬ ಪ್ರಾಣಿಶಾಸ್ತ್ರಜ್ಞರು ಅಲ್ಲಿ ನೆಲ ಅಗೆಸಿ ಒಂದು ತಾಯಿಯನ್ನೂ ಅದರ ಮರಿಗಳನ್ನೂ ಹಿಡಿಸಿ ಜೆರುಸಲೇಮಿಗೆ ತಂದರು. ಇವತ್ತು ಮನೆಗಳಲ್ಲಿ ಸಾಕುತ್ತಿರುವ ಸಿರಿಯನ್ ಹ್ಯಾಮ್‌ಸ್ಟರ್‌ಗಳಲ್ಲಿ ಬಹುಪಾಲು ಆ ಒಂದೇ ಮನೆತನದವು. ನಿಮ್ಮ ಮಗಳದ್ದೂ ಅದೇ ಇರಬೇಕು. ಮುಂದೆ ಜರ್ಮನಿಯ ಸಂಶೋಧಕರು ಅದೇ ಸೀಮೆಯಲ್ಲಿ ಕಾಡಿನ ಹ್ಯಾಮ್‌ಸ್ಟರ್‌ಗಳ ಬಿಲ ಅಳೆದು 2001ರಲ್ಲಿ ಪ್ರಕಟಿಸಿದರು. ಬಿಲದ ಆಳ ಸರಾಸರಿ 65 ಸೆಂ.ಮೀ., ಅಂದರೆ ಎರಡಡಿಗಿಂತ ಜಾಸ್ತಿ. ಒಂದು ಬಿಲದಲ್ಲಿ ದೊಡ್ಡ ಹ್ಯಾಮ್‌ಸ್ಟರ್ ಒಂದೇ. ಅಂದರೆ ಇದು ಮರ ಹತ್ತುವ ಜೀವ ಅಲ್ಲ. ನೆಲದ ಮೇಲೆ ಓಡಿ, ನೆಲದೊಳಗೆ ಬದುಕುವ ಜೀವ. ಕಣ್ಣು ಮಂದ, ಎತ್ತರದ ಅಂದಾಜು ಸರಿಯಾಗಿ ಸಿಗುವುದಿಲ್ಲ. ಮೇಲಿನ ಅಂತಸ್ತಿನಿಂದ ಜಾರಿ ಬಿದ್ದರೆ ಕಾಲು ಮುರಿಯಬಹುದು. ಅಂತಸ್ತು ಬೇಡ ಅಂದದ್ದು ಇದಕ್ಕೇ.

ಸ್ವಿಟ್ಜರ್ಲೆಂಡಿನ ಬರ್ನ್ ವಿಶ್ವವಿದ್ಯಾಲಯದವರ ಎರಡು ಪ್ರಯೋಗಗಳನ್ನು ಓದಿದ ಮೇಲೆ ನನಗೆ ಕಡ್ಲೆಯ ಕಂಬಿ ಅರ್ಥವಾಯಿತು. ಒಂದರಲ್ಲಿ ನಾಲ್ಕು ಅಳತೆಯ ಪಂಜರ ಇಟ್ಟು ನೋಡಿದರು. ಚಿಕ್ಕದರಲ್ಲಿ 1,800 ಚದರ ಸೆಂ.ಮೀ. ನೆಲ, ದೊಡ್ಡದರಲ್ಲಿ 10,000. ಚಿಕ್ಕ ಪಂಜರದವು ಹೆಚ್ಚು ಹೊತ್ತು, ಹೆಚ್ಚು ಸಲ ಕಂಬಿ ಕಡಿದವು. ಆದರೆ ದೊಡ್ಡ ಪಂಜರದವೂ ಪೂರ್ತಿ ಬಿಡಲಿಲ್ಲ. ಇನ್ನೊಂದರಲ್ಲಿ ಹಾಸಿನ ಆಳ ಬದಲಿಸಿದರು: 10, 40, 80 ಸೆಂ.ಮೀ. ಹತ್ತರಲ್ಲಿದ್ದವು ಜಾಸ್ತಿ ಕಡಿದವು. ಎಂಬತ್ತರಲ್ಲಿದ್ದವು ಒಂದು ಸಲವೂ ಕಡಿಯಲಿಲ್ಲ. ಕಡ್ಲೆಯ ಪಂಜರದಲ್ಲಿ ಹಾಸು ಇದ್ದದ್ದು ಒಂದೇ ಇಂಚು. ಅವಳು ಅಗೆಯಲು ಹೋದರೆ ಎರಡೇ ಕೆರೆತಕ್ಕೆ ಪ್ಲಾಸ್ಟಿಕ್ ಸಿಗುತ್ತಿತ್ತು.

ಈಗ ನಿಮ್ಮ ಪಂಜರದ ಲೆಕ್ಕ ನೋಡೋಣ. ಒಂದೂವರೆ ಅಡಿ, ಒಂದಡಿ ಅಂದರೆ ನೆಲ ಒಂದೂವರೆ ಚದರಡಿ, ಸುಮಾರು 1,400 ಚದರ ಸೆಂ.ಮೀ. ಆ ಪ್ರಯೋಗದ ಅತಿ ಚಿಕ್ಕ ಪಂಜರಕ್ಕಿಂತಲೂ ಕಮ್ಮಿ. ಜರ್ಮನಿಯ ಪಶುವೈದ್ಯರ ಪ್ರಾಣಿರಕ್ಷಣಾ ಸಂಘ ಕನಿಷ್ಠ ಅಂತ ಹೇಳುವುದು 100 ಸೆಂ.ಮೀ. ಉದ್ದ, 50 ಅಗಲ, 50 ಎತ್ತರ, 20 ಸೆಂ.ಮೀ. ಆಳದ ಹಾಸು. ಅದು 5,000 ಚದರ ಸೆಂ.ಮೀ. ನೆಲ. ಅಂತಸ್ತುಗಳನ್ನೂ ಸುರಂಗದ ಪೈಪನ್ನೂ ಇದರಲ್ಲಿ ಸೇರಿಸಬೇಡಿ. ಒಂದೇ ಮಟ್ಟದಲ್ಲಿ, ಎಲ್ಲೂ ತುಂಡಾಗದ ನೆಲ ಇಷ್ಟಿರಬೇಕು.

ಇಷ್ಟು ದೊಡ್ಡ ಪಂಜರ ನಮ್ಮ ಪೆಟ್ ಅಂಗಡಿಗಳಲ್ಲಿ ಸುಲಭವಾಗಿ ಸಿಗುವುದಿಲ್ಲ. ನಾನು ಹೋದದ್ದು ಅಕ್ವೇರಿಯಂ ಮಾಡುವವರ ಹತ್ತಿರ. ಅಡಿ ಲೆಕ್ಕದಲ್ಲಿ ಬೇಕಾದ ಅಳತೆಗೆ ಗಾಜು ಅಂಟಿಸಿ ಕೊಡುತ್ತಾರೆ. ನೀರು ತುಂಬುವುದಿಲ್ಲ ಅಂತ ಮೊದಲೇ ಹೇಳಿ. ಆಗ 5 ಎಂಎಂ ಗಾಜು ಸಾಕು, ದುಡ್ಡೂ ಕಮ್ಮಿ. ಅದಕ್ಕಿಂತ ಒಳ್ಳೆಯದು, ಸೋರುವ ಹಳೇ ಟ್ಯಾಂಕ್ ಇದೆಯಾ ಅಂತ ಕೇಳಿ. ಮೀನಿಗೆ ಬಾರದ್ದು ಹ್ಯಾಮ್‌ಸ್ಟರ್‌ಗೆ ಚೆನ್ನಾಗಿಯೇ ಆಗುತ್ತದೆ. ನನಗೆ ನಾಲ್ಕಡಿ, ಒಂದೂವರೆ, ಒಂದೂವರೆಯ ಹಳೇ ಟ್ಯಾಂಕ್ 1,800 ರೂಪಾಯಿಗೆ ಸಿಕ್ಕಿತು. ತರುವ ಮೊದಲು ಅಂಚಿನ ಉದ್ದಕ್ಕೂ ಬೆರಳಾಡಿಸಿ ನೋಡಿ, ಗಾಜಿನ ಚಕ್ಕೆ ಎದ್ದಿರಬಾರದು. ಬರೀ ಬಿಸಿನೀರಿನಲ್ಲಿ ತೊಳೆದು ಎರಡು ದಿನ ಒಣಗಿಸಿ. ಈ ಅಳತೆಗೆ ಗಾಜೇ ಸುಮಾರು 25 ಕೆಜಿ ಆಗುತ್ತದೆ. ಮೇಜು ಗಟ್ಟಿಯಿರಲಿ, ಎತ್ತಲು ಇಬ್ಬರು ಬೇಕು.

ಆದರೆ ನಿಮ್ಮದು ಬಳ್ಳಾರಿ. ಅಲ್ಲಿ ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತದೆ. ನಾಲ್ಕೂ ಕಡೆ ಗಾಜಿದ್ದರೆ ಗಾಳಿ ಆಡುವುದಿಲ್ಲ, ಒಳಗೆ ಸೆಕೆ ಕೂಡಿಕೊಳ್ಳುತ್ತದೆ. ನಾನು ನಿಮ್ಮ ಜಾಗದಲ್ಲಿದ್ದರೆ ಕಾರ್ಪೆಂಟರ್ ಹತ್ತಿರ ಒಂದು ಪೆಟ್ಟಿಗೆ ಮಾಡಿಸುತ್ತಿದ್ದೆ. ನಾಲ್ಕಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರ. ಕೆಳಗಿನ ಒಂದಡಿ ಸುತ್ತಲೂ ಗಾಜು, ಮೇಲಿನ ಒಂದಡಿ ಕಾಲಿಂಚು ಕಣ್ಣಿನ ಸ್ಟೀಲ್ ಜಾಲರಿ, ಮುಚ್ಚಳವೂ ಜಾಲರಿಯದ್ದೇ. ಗಾಜು ಹಾಸನ್ನು ಹಿಡಿದುಕೊಳ್ಳುತ್ತದೆ, ಜಾಲರಿ ಗಾಳಿ ಬಿಡುತ್ತದೆ. ಒಳಗಡೆ ವಾರ್ನಿಷ್, ಬಣ್ಣ ಏನೂ ಹಚ್ಚಿಸಬೇಡಿ, ಹ್ಯಾಮ್‌ಸ್ಟರ್ ಮರವನ್ನು ಕಡಿಯುತ್ತದೆ.

ಹ್ಯಾಮ್‌ಸ್ಟರ್‌ಗೆ ಹಿತವಾದದ್ದು 20ರಿಂದ 24 ಡಿಗ್ರಿ. 30ರ ಮೇಲೆ ಹೋದರೆ ಕಷ್ಟ. ಅದಕ್ಕೆ ನಮ್ಮ ಹಾಗೆ ಬೆವರಿ ಮೈ ತಣ್ಣಗೆ ಮಾಡಿಕೊಳ್ಳಲು ಆಗುವುದಿಲ್ಲ. ಪಂಜರವನ್ನು ಕಿಟಕಿ, ಬಾಲ್ಕನಿ, ತಾರಸಿಗೆ ತಾಗಿದ ಕೋಣೆ ಬಿಟ್ಟು ಮನೆಯ ನಡುವಿನ ತಂಪು ಕೋಣೆಯಲ್ಲಿಡಿ. ಒಳಗೊಂದು ಮಣ್ಣಿನ ಕುಡಿಕೆಯನ್ನು ಅಡ್ಡ ಮಲಗಿಸಿ, ಒಂದು ನೆಲದ ಟೈಲ್ಸ್ ತುಂಡು ಇಡಿ. ಮಧ್ಯಾಹ್ನ ಫ್ರೀಜರಿನಲ್ಲಿಟ್ಟ ನೀರಿನ ಬಾಟಲಿಗೆ ಬಟ್ಟೆ ಸುತ್ತಿ ಗಾಜಿಗೆ ಹೊರಗಿನಿಂದ ಒತ್ತಿ ನಿಲ್ಲಿಸಿ. ಕಡ್ಲೆ ಏಪ್ರಿಲ್ ತಿಂಗಳಿಡೀ ಆ ಬಾಟಲಿಯ ಪಕ್ಕದಲ್ಲೇ ಹೊಟ್ಟೆ ಚಾಚಿ ಮಲಗುತ್ತಿದ್ದಳು. ಫ್ಯಾನ್ ನೇರವಾಗಿ ಬೀಸದಿರಲಿ. ಅದು ಸುಸ್ತಾಗಿ ಬಿದ್ದು, ಜೋರಾಗಿ ಉಸಿರಾಡುತ್ತಾ, ಬಾಯಿ ಸುತ್ತ ಒದ್ದೆ ಕಂಡರೆ ಕಾಯಬೇಡಿ, ಕೂಡಲೇ ವೈದ್ಯರ ಹತ್ತಿರ ಹೋಗಿ.

ಹಾಸಿನ ವಿಷಯದಲ್ಲಿ ದುಡ್ಡು ಉಳಿಸಲು ಹೋಗಬೇಡಿ. ನಾಲ್ಕಡಿಯ ಪೆಟ್ಟಿಗೆಗೆ ನೂರು ಲೀಟರ್‌ಗಿಂತ ಜಾಸ್ತಿ ಬೇಕಾಗುತ್ತದೆ. ಕೇಳಿದರೆ ಭಯವಾಗುತ್ತದೆ, ಆದರೆ ಇದನ್ನು ವಾರವಾರ ಬದಲಿಸುವುದಿಲ್ಲ. ಕಾಗದದ ಬೆಡ್ಡಿಂಗ್ ಅಥವಾ ಆಸ್ಪೆನ್ ಮರದ ಚೂರು ಒಳ್ಳೆಯದು, ಆನ್‌ಲೈನ್‌ನಲ್ಲಿ ಒತ್ತಿ ಕಟ್ಟಿದ ಪ್ಯಾಕ್ ಸಿಗುತ್ತದೆ. ಸಾಮಿಲ್‌ನಿಂದ ಮರದ ಹೊಟ್ಟು ತರಬೇಡಿ. ಯಾವ ಮರ ಅಂತ ಗೊತ್ತಿರುವುದಿಲ್ಲ, ಧೂಳು ಶ್ವಾಸಕ್ಕೆ ಹೋಗುತ್ತದೆ. ದೇವದಾರು ಜಾತಿಯ ಘಾಟಿನ ಮರಗಳಂತೂ ಬೇಡವೇ ಬೇಡ. ಹತ್ತಿಯಂಥ ನಯವಾದ ಹಾಸಿಗೆ ಮಾರುತ್ತಾರಲ್ಲ, ಅದೂ ಬೇಡ. ಅದರ ಎಳೆಗಳು ಕಾಲಿಗೆ ಸುತ್ತಿಕೊಳ್ಳುತ್ತವೆ, ಕೆನ್ನೆಯ ಚೀಲದಲ್ಲಿ ಸಿಕ್ಕಿಕೊಳ್ಳುತ್ತವೆ. ಗೂಡಿಗೆ ಬಿಳಿ ಟಿಶ್ಯೂ ಹರಿದು ಹಾಕಿ, ಸಾಕು. ಹಾಸನ್ನು ಅಂಗೈಯಿಂದ ಒತ್ತಿ ಒತ್ತಿ ತುಂಬಿ, ನಡುನಡುವೆ ಒಣಹುಲ್ಲು ಸೇರಿಸಿ. ಸುಮ್ನೆ ಸುರಿದರೆ ಬಿಲ ನಿಲ್ಲುವುದಿಲ್ಲ, ಕುಸಿಯುತ್ತದೆ.

ಇಡೀ ಪೆಟ್ಟಿಗೆಗೆ ಒಂದೇ ಆಳ ಬೇಡ. ಒಂದು ಕಡೆ ಹತ್ತು ಇಂಚು, ಅಲ್ಲಿಂದ ಇಳಿಜಾರಾಗಿ ಇನ್ನೊಂದು ಕಡೆ ನಾಲ್ಕು ಇಂಚು ಮಾಡಿ. ಹ್ಯಾಮ್‌ಸ್ಟರ್ ಒಳಗೆ ಹೊಕ್ಕು ಓಡುವ ಚಕ್ರ ಬರುವುದು ನಾಲ್ಕು ಇಂಚಿನ ಕಡೆ. ಸಿರಿಯನ್ ಹ್ಯಾಮ್‌ಸ್ಟರ್‌ಗೆ ಚಕ್ರದ ಅಡ್ಡಳತೆ 28ರಿಂದ 30 ಸೆಂ.ಮೀ. ಇರಬೇಕು. ಪಂಜರದ ಜೊತೆ ಬಂದ ಪುಟ್ಟ ಚಕ್ರದಲ್ಲಿ ಓಡುವಾಗ ನಿಮ್ಮದರ ಬೆನ್ನು ನೋಡಿ, ಮೇಲಕ್ಕೆ ಬಾಗಿರುತ್ತದೆ. ಬೆನ್ನು ನೇರ ಇರುವಷ್ಟು ದೊಡ್ಡದು ತನ್ನಿ. ಓಡುವ ಜಾಗ ಪೂರ್ತಿ ಮುಚ್ಚಿದ್ದಿರಲಿ, ಕಂಬಿಯದ್ದಾದರೆ ಕಾಲು ಸಿಕ್ಕಿಕೊಳ್ಳುತ್ತದೆ. ಸ್ಟ್ಯಾಂಡ್ ಸೇರಿ ಇಂಥ ಚಕ್ರ 13 ಇಂಚಿನಷ್ಟು ಎತ್ತರ ಬರುತ್ತದೆ. ಒಂದೂವರೆ ಅಡಿ ಎತ್ತರದ ಟ್ಯಾಂಕ್ ತಗೊಂಡರೆ ಮೇಲೆ ಉಳಿಯುವುದು ಬೆರಳಗಲ ಜಾಗ. ಹಾಗಾಗಿ ಮೊದಲು ಚಕ್ರ ತಂದು ಅಳೆದು, ಆಮೇಲೆ ಪೆಟ್ಟಿಗೆ ಮಾಡಿಸಿ.

ಒಂದು ವಿಷಯ ನಾನು ಭಯಪಟ್ಟು ಕಲಿತದ್ದು. ಮಣ್ಣಿನ ಕುಡಿಕೆಯನ್ನು ಹಾಸಿನ ಮೇಲೇ ಇಟ್ಟಿದ್ದೆ. ಕಡ್ಲೆ ರಾತ್ರಿ ಅದರಡಿಯಲ್ಲೇ ಬಿಲ ತೋಡಿದಳು. ಬೆಳಿಗ್ಗೆ ನೋಡಿದರೆ ಕುಡಿಕೆ ಅರ್ಧ ಕೆಳಗಿಳಿದು ಓರೆಯಾಗಿ ಕೂತಿತ್ತು. ಅವಳು ಎಲ್ಲೂ ಕಾಣಲಿಲ್ಲ. ಕೈ ನಡುಗುತ್ತಾ ಎತ್ತಿದೆ. ಅವಳು ಪಕ್ಕದ ಸುರಂಗದಲ್ಲಿದ್ದಳು, ಏನೂ ಆಗಿರಲಿಲ್ಲ. ಅವತ್ತಿನಿಂದ ಕುಡಿಕೆ, ಅವಳು ಹೊರಳಾಡುವ ಮರಳಿನ ಬಟ್ಟಲು, ಚಕ್ರ, ಹೀಗೆ ಭಾರದ್ದೆಲ್ಲ ಕಾಲಿರುವ ಮರದ ಹಲಗೆಯ ಮೇಲೆ. ಆ ಕಾಲುಗಳು ಪೆಟ್ಟಿಗೆಯ ತಳಕ್ಕೆ ತಾಗಿರಬೇಕು.

ಇರುವೆ ನಮ್ಮ ಕಡೆ ದೊಡ್ಡ ತೊಂದರೆ. ಹ್ಯಾಮ್‌ಸ್ಟರ್ ಕಾಳುಗಳನ್ನು ಕೆನ್ನೆಯಲ್ಲಿ ತುಂಬಿಕೊಂಡು ಹೋಗಿ ಬಿಲದಲ್ಲಿ ಕೂಡಿಡುತ್ತದೆ, ಅದಕ್ಕೆ ಇರುವೆ ಸಾಲು ಹಿಡಿಯುತ್ತದೆ. ಇರುವೆ ಚಾಕ್, ಸ್ಪ್ರೇ ಹತ್ತಿರವೂ ತರಬೇಡಿ, ಅವು ವಿಷ. ಅಮ್ಮಂದಿರು ಆಹಾರದ ಕಪಾಟಿನ ಕಾಲಿಗೆ ನೀರಿನ ಬಟ್ಟಲು ಇಡುತ್ತಿದ್ದರಲ್ಲ, ಮೇಜಿನ ನಾಲ್ಕು ಕಾಲಿಗೂ ಹಾಗೇ ಇಡಿ. ಸೊಳ್ಳೆ ಬತ್ತಿ, ಅಗರಬತ್ತಿಯ ಹೊಗೆ ಅದರ ಕೋಣೆಗೆ ಬಾರದಿರಲಿ. ಮಗಳು ಮಲಗುವ ಕೋಣೆಯಲ್ಲೂ ಬೇಡ, ರಾತ್ರಿ ಚಕ್ರದ ಸದ್ದಿಗೆ ಅವಳಿಗೆ ನಿದ್ದೆ ಬರುವುದಿಲ್ಲ.

ಇಷ್ಟು ಜಾಗ ನೋಡಿ ಯಾರಾದರೂ ‘ಜೋಡಿ ತನ್ನಿ, ಪಾಪ ಒಂಟಿ’ ಅನ್ನುತ್ತಾರೆ. ದಯವಿಟ್ಟು ತರಬೇಡಿ. ಎರಡು ಸಿರಿಯನ್ ಹ್ಯಾಮ್‌ಸ್ಟರ್‌ಗಳು ಎಷ್ಟು ದೊಡ್ಡ ಜಾಗದಲ್ಲಿದ್ದರೂ ಕಚ್ಚಾಡುತ್ತವೆ, ಒಂದು ಸಾಯುವವರೆಗೂ ಹೋಗಬಹುದು. ಒಂಟಿಯಾಗಿರುವುದೇ ಅದಕ್ಕೆ ಸುಖ.

ಹೊಸ ಪೆಟ್ಟಿಗೆಗೆ ಬಿಡುವಾಗ ಹಳೇ ಪಂಜರದ ಹಾಸು ಒಂದು ಹಿಡಿ ಹಾಕಿ, ತನ್ನ ವಾಸನೆ ಸಿಕ್ಕರೆ ಅದಕ್ಕೆ ಧೈರ್ಯ. ಆಮೇಲೂ ಅಷ್ಟೇ, ಉಚ್ಚೆ ಮಾಡುವ ಮೂಲೆಯನ್ನು ಮಾತ್ರ ಎರಡು ಮೂರು ದಿನಕ್ಕೊಮ್ಮೆ ತೆಗೆಯಿರಿ. ಇಡೀ ಹಾಸು ಒಂದೇ ಸಲ ತೆಗೆಯಬೇಡಿ, ಅದು ಕಟ್ಟಿದ ಮನೆ ಹೋಗುತ್ತದೆ. ಈಗಿನ ಚಿಕ್ಕ ಪಂಜರ ಎಸೆಯಬೇಡಿ. ವೈದ್ಯರ ಹತ್ತಿರ ಒಯ್ಯಲು ಬೇಕಾಗುತ್ತದೆ.

ಮೊದಲೆರಡು ದಿನ ಅದು ಕಾಣದೇ ಹೋಗಬಹುದು. ಗಾಬರಿಯಾಗಿ ಅಗೆದು ನೋಡಬೇಡಿ. ರಾತ್ರಿ ಏಳೆಂಟು ಸೂರ್ಯಕಾಂತಿ ಬೀಜ ಎಣಿಸಿ ಇಡಿ. ಬೆಳಿಗ್ಗೆ ಬೀಜ ಇಲ್ಲ ಅಂದರೆ ಒಳಗೆ ಚೆನ್ನಾಗಿದೆ ಅಂತ ಅರ್ಥ. ಕಡ್ಲೆ ಟ್ಯಾಂಕಿಗೆ ಹೋದ ರಾತ್ರಿ ನಾನು ಎರಡು ಗಂಟೆಯವರೆಗೂ ಕೂತಿದ್ದೆ. ಮುಂಗಾಲಿನಿಂದ ಕೆರೆಯುವುದು, ಹಿಂಗಾಲಿನಿಂದ ಹಿಂದಕ್ಕೆ ಒದೆಯುವುದು, ನಿಲ್ಲಿಸಲೇ ಇಲ್ಲ. ಮೂರನೇ ದಿನ ಅವಳು ಗಾಜಿಗೆ ತಾಗಿಯೇ ಗೂಡು ಮಾಡಿಕೊಂಡಿದ್ದು ಕಂಡಿತು. ಮೂಗಿನ ಮೇಲೆ ಕೂದಲು ಬರಲು ಒಂದು ತಿಂಗಳು ಹಿಡಿಯಿತು. ನಿಮ್ಮದೂ ಗಾಜಿನ ಪಕ್ಕ ಗೂಡು ಮಾಡಿದರೆ ಹೊರಗಿನಿಂದ ಒಂದು ಕಪ್ಪು ಬಟ್ಟೆ ಇಳಿಬಿಡಿ, ಅದಕ್ಕೆ ಕತ್ತಲೆ ಬೇಕು. ಮಗಳು ಸ್ಕೂಲಿನಿಂದ ಬಂದ ಮೇಲೆ ಬಟ್ಟೆಯ ತುದಿ ಮೆಲ್ಲಗೆ ಎತ್ತಿ ನೋಡಲಿ. ಟಿಶ್ಯೂ ಚೂರುಗಳ ನಡುವೆ ಉಂಡೆಯಾಗಿ ಮಲಗಿರುತ್ತದೆ, ಉಸಿರಾಡುವಾಗ ಹೊಟ್ಟೆ ಏರಿಳಿಯುವುದೂ ಕಾಣುತ್ತದೆ.