ಲಾಪ್ಲಾಸನ ಲೆಕ್ಕದ ಪುಸ್ತಕ ಎಲ್ಲಿಡುವುದು?

ಪ್ರಿಯ ಓದುಗರೇ,

ಕಪ್ಪುಕುಳಿಗಳ ಕುರಿತ ನಮ್ಮ ಲೇಖನವನ್ನು ಓದಿ ನೀವು ಕೇಳಿದ್ದೀರಿ: "ವಿಶ್ವದಲ್ಲಿ ಹಿಡಿಸುವ ಮಾಹಿತಿಗೂ ಮಿತಿ ಇದೆ ಎಂದಾದರೆ, ಎಲ್ಲವನ್ನೂ ಮೊದಲೇ ಎಣಿಸಿಟ್ಟಂತಾಯಿತಲ್ಲವೇ? ನಮ್ಮ ಇಚ್ಛೆಗೆ ಏನು ಬೆಲೆ?" ಮಿತಿಯ ಮಾತು ಸರಿ. ಅದರಿಂದ ನೀವು ಎಳೆದ ತೀರ್ಮಾನದ ಬಗ್ಗೆ ನನಗೆ ತಕರಾರಿದೆ.

ಕಪ್ಪುಕುಳಿಗೂ ಎಂಟ್ರೊಪಿ, ಅಂದರೆ ಒಳಗೆ ಅಡಗಿರುವ ಮಾಹಿತಿಯ ಅಳತೆ, ಇರಲೇಬೇಕು, ಅದು ಕುಳಿಯ ಘನಗಾತ್ರವನ್ನಲ್ಲ, ಮೇಲ್ಮೈಯ ವಿಸ್ತೀರ್ಣವನ್ನು ಅನುಸರಿಸುತ್ತದೆ ಎಂದು 1970ರ ದಶಕದ ಆರಂಭದಲ್ಲಿ ಭೌತವಿಜ್ಞಾನಿ ಜೇಕಬ್ ಬೆಕೆನ್‌ಸ್ಟೈನ್ ವಾದಿಸಿದರು. ಸ್ಟೀಫನ್ ಹಾಕಿಂಗ್ ಮೊದಲು ಒಪ್ಪಲಿಲ್ಲ. 1974ರಲ್ಲಿ ಅವರದೇ ಲೆಕ್ಕ ಬೆಕೆನ್‌ಸ್ಟೈನ್ ಅವರ ಪಕ್ಷಕ್ಕೆ ಬಂತು. ಇದು ಎಷ್ಟು ವಿಚಿತ್ರ ನೋಡಿ: ಕೋಣೆಯೊಂದರಲ್ಲಿ ಎಷ್ಟು ಪುಸ್ತಕ ಹಿಡಿಸುತ್ತದೆ ಎಂಬುದನ್ನು ಒಳಗಿನ ಜಾಗವಲ್ಲ, ಗೋಡೆಗಳ ಅಳತೆ ನಿರ್ಧರಿಸಿದ ಹಾಗೆ. ಮಿತಿ ಮೀರಿ ತುರುಕಿದರೆ ಕೋಣೆಯೇ ಕುಸಿದು ಕಪ್ಪುಕುಳಿಯಾಗುತ್ತದೆ. 1990ರ ದಶಕದಲ್ಲಿ ಗೆರಾರ್ಡ್ ಟ್ ಹೂಫ್ಟ್ ಮತ್ತು ಲಿಯೊನಾರ್ಡ್ ಸಸ್ಕಿಂಡ್ ಇದನ್ನು ಸಾರ್ವತ್ರಿಕ ತತ್ತ್ವವಾಗಿ ಮುಂದಿಟ್ಟರು. ವಿಶ್ವದ ಹಿಗ್ಗುವಿಕೆ ವೇಗ ಪಡೆಯುತ್ತಿರುವುದರಿಂದ ನಮ್ಮ ಸುತ್ತಲೂ ಒಂದು ದಿಗಂತವಿದೆ, ಅದರಾಚೆ ಇಂದು ಹೊರಟ ಬೆಳಕು ನಮ್ಮನ್ನು ಎಂದೂ ತಲುಪದು. ಅದರ ವಿಸ್ತೀರ್ಣಕ್ಕೆ ಇದೇ ಸೂತ್ರ ಹಚ್ಚಿದರೆ ಸಿಗುವುದು ಒಂದರ ಮುಂದೆ ಸುಮಾರು 122 ಸೊನ್ನೆಗಳಷ್ಟು ಬಿಟ್ (ಹೌದು ಅಥವಾ ಅಲ್ಲ ಎಂಬಷ್ಟು ಮಾಹಿತಿಯ ಘಟಕ). ಇದನ್ನು ಯಾರೂ ಅಳೆದು ನೋಡಿಲ್ಲ, ಸಿದ್ಧಾಂತದ ಬಲದ ಮೇಲೆ ನಿಂತ ಅಂಕಿ ಇದು.

ಇನ್ನು ನಿಮ್ಮ ಆತಂಕ. ಪ್ರತಿ ಕಣದ ಸ್ಥಾನವನ್ನೂ ಅದರ ಮೇಲಿನ ಬಲಗಳನ್ನೂ ಬಲ್ಲ ಬುದ್ಧಿಯೊಂದಿದ್ದರೆ ಅದಕ್ಕೆ ಭೂತ, ಭವಿಷ್ಯ ಎರಡೂ ಕಣ್ಣೆದುರೇ ಇರುತ್ತವೆ ಎಂದು ಫ್ರೆಂಚ್ ಗಣಿತಜ್ಞ ಲಾಪ್ಲಾಸ್ 1814ರಲ್ಲಿ ಬರೆದ. ಅಂದಿನಿಂದ ವಿಧಿವಾದಿಗಳೆಲ್ಲ "ತಾತ್ವಿಕವಾಗಿ ಲೆಕ್ಕ ಹಾಕಬಹುದು" ಎಂಬ ಊರುಗೋಲು ಹಿಡಿದೇ ನಡೆಯುತ್ತಾರೆ. ಆದರೆ ಆ ಬುದ್ಧಿ ತನ್ನ ಲೆಕ್ಕವನ್ನು ಎಲ್ಲಿ ಬರೆದಿಡಬೇಕು? ಒಂದು ಬಿಟ್ ಅಳಿಸಲು ಕೂಡ ಒಂದು ಕನಿಷ್ಠ ಪ್ರಮಾಣದ ಶಾಖ ಹೊರಬೀಳಲೇಬೇಕೆಂದು ಭೌತವಿಜ್ಞಾನಿ ರಾಲ್ಫ್ ಲಾಂಡೌರ್ 1961ರಲ್ಲಿ ತೋರಿಸಿದರು. ಅಂದರೆ ಮಾಹಿತಿ ಬರೀ ಅಮೂರ್ತವಲ್ಲ. ಬರಹಕ್ಕೆ ಭೌತಿಕ ಆಸರೆ ಬೇಕು, ಆ ಆಸರೆಯೂ ವಿಶ್ವದ ಒಳಗೇ ಇರಬೇಕು. ಕ್ವಾಂಟಂ ಲೋಕದಲ್ಲಿ ಪರಿಸ್ಥಿತಿ ಇನ್ನೂ ಬಿಗಡಾಯಿಸುತ್ತದೆ. ತಲಾ ಎರಡೇ ಸ್ಥಿತಿಗಳುಳ್ಳ 500 ಕಣಗಳು ಪರಸ್ಪರ ಹೆಣೆದುಕೊಂಡಿದ್ದರೆ, ಅವುಗಳ ಸ್ಥಿತಿಯನ್ನು ಸಾಮಾನ್ಯ ರೂಪದಲ್ಲಿ ಪೂರ್ತಿಯಾಗಿ ಬರೆಯಲು ಒಂದರ ಮುಂದೆ 150 ಸೊನ್ನೆಗಳಷ್ಟು ಸಂಖ್ಯೆಗಳು ಬೇಕು. ಇಡೀ ವಿಶ್ವವನ್ನು ಕಾಗದವಾಗಿಸಿದರೂ ಸಾಲದು. ಅದೂ ಬರೀ 500 ಕಣಗಳಿಗೆ! ಧೂಳಿನ ಒಂದು ಕಣದಲ್ಲೇ ಕೋಟ್ಯಂತರ ಪರಮಾಣುಗಳಿರುತ್ತವೆ.

ನಿಸರ್ಗಕ್ಕೆ ಬರೆದಿಡುವ ದರ್ದೇನು, ಅದು ಸುಮ್ಮನೆ ನಡೆಯುತ್ತದೆ ಎಂದು ನೀವು ವಾದಿಸಬಹುದು. ನ್ಯಾಯವಾದ ಮಾತು. ನಿಯಮಬದ್ಧವಾಗಿ ನಡೆಯುವುದು ಬೇರೆ, ಮುಂಗಡವಾಗಿ ಲೆಕ್ಕಕ್ಕೆ ಸಿಗುವುದು ಬೇರೆ. ಆದ್ದರಿಂದ ಇಚ್ಛಾಸ್ವಾತಂತ್ರ್ಯ ಸಾಬೀತಾಯಿತು ಎಂದು ನಾನು ಡಂಗುರ ಹೊಡೆಯುವುದಿಲ್ಲ. ಬಿದ್ದುಹೋಗುವುದು ನಿಮ್ಮ "ಎಣಿಸಿಟ್ಟ" ಎಂಬ ಚಿತ್ರ ಮಾತ್ರ. ಮಿತಿ ಇರುವುದರಿಂದಲೇ ಅಂಥ ದಾಖಲೆ ವಿಶ್ವದೊಳಗೆ ಎಲ್ಲೂ ಇರಲಾರದು.

ವಿಶ್ವವೆಂದರೆ ಮಾಹಿತಿಯೇ ಎಂಬ ಭೌತವಿಜ್ಞಾನಿ ಜಾನ್ ವೀಲರ್ ಅವರ ಹೊಳಹಿನ ಬಗ್ಗೆಯೂ ವಿಚಾರಿಸಿದ್ದೀರಿ. ಹೊಳಹು ಚೆನ್ನಾಗಿದೆ, ನನಗೆ ನಂಬಿಕೆ ಹುಟ್ಟಿಲ್ಲ. ಮಾಹಿತಿ ಸಿದ್ಧಾಂತದ ಜನಕ ಕ್ಲಾಡ್ ಶಾನನ್ 1948ರಲ್ಲಿ ಮಾಹಿತಿಗೆ ಕೊಟ್ಟ ಅಳತೆಗೋಲು ಅರ್ಥವನ್ನು ಬೇಕೆಂದೇ ಹೊರಗಿಟ್ಟಿತ್ತು. ಆ ಅಳತೆಯಲ್ಲಿ ಊಹೆಗೆ ಸಿಗದಷ್ಟೂ ಮಾಹಿತಿ ಹೆಚ್ಚು, ಹಾಗಾಗಿ ಮನಬಂದಂತೆ ಒತ್ತಿದ ಅಕ್ಷರಗಳ ಪುಟ ಒಳ್ಳೆಯ ಕವಿತೆಯ ಪುಟಕ್ಕಿಂತ ಹೆಚ್ಚು ಮಾಹಿತಿ ಹೊತ್ತಿರುತ್ತದೆ. ಇಂಥ ಗೋಲಿನಿಂದ ಬಾಳಿನ ಬೆಲೆ ಕಟ್ಟಲು ಹೊರಡುವ ತತ್ತ್ವಜ್ಞಾನಿಗಳನ್ನು ಕಂಡರೆ ನನಗೆ ಸ್ವಲ್ಪ ಅಸಹನೆಯೇ.

ವಿಶ್ವ ಅನಂತವಾಗಿದ್ದರೆ ಈ ಮಿತಿ ಏನಾಗುತ್ತದೆ ಎಂಬುದು ನಿಮ್ಮ ಕೊನೆಯ ಪ್ರಶ್ನೆ. ಮಿತಿ ಅನ್ವಯಿಸುವುದು ನಮ್ಮ ದಿಗಂತದೊಳಗಿನ ಭಾಗಕ್ಕಷ್ಟೇ. ಆಚೆ ಎಷ್ಟಾದರೂ ಇರಲಿ, ಅಲ್ಲಿ ಇಂದು ನಡೆಯುವುದರ ಸುದ್ದಿ ನಮಗೆ ಎಂದಿಗೂ ತಲುಪದಾದ್ದರಿಂದ ಲಾಪ್ಲಾಸನ ಪುಸ್ತಕವನ್ನು ಅಲ್ಲಿ ಇಟ್ಟರೂ ಉಪಯೋಗವಿಲ್ಲ.

— ಸಂಪಾದಕ